ನನ್ನನ್ನು ಸಂಪೂರ್ಣ ಸ್ವಾವಲಂಬಿ ಎಂದು ಘೋಷಿಸಿದ ಅಧಿಕಾರಿಗಳಿಗೆ

ಮನೆ ಆರೈಕೆ ಕಚೇರಿಯ ಅರ್ಹತಾ ಪರಿಶೀಲಕರಾದ ಶ್ರೀ ಹಾಲ್‌ಬ್ರೂಕ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಫಾರಮ್ಮುಗಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮೂರಿನ ಏರಿ ಸರೋವರದ ಚಳಿಗಾಳಿ ನನ್ನ ಮಂಡಿಗಳಿಗೆ ತೋರಿಸದ ಕರುಣೆಯನ್ನು ತಮ್ಮ ಮಂಡಿಗಳಿಗಾದರೂ ತೋರಿಸಲಿ. ಎಂಬತ್ತೊಂದು ವರ್ಷದ ವರ್ನಿಸ್ ಪೆಟಿಗ್ರೂ ಎಂಬ ನನಗೆ ಸ್ನಾನ ಮಾಡಿಸಲು ಸಹಾಯಕಿಯ ಅಗತ್ಯವೇ ಇಲ್ಲವೆಂದೂ, ನಾನು "ಸಂಪೂರ್ಣ ಸ್ವಾವಲಂಬಿ" ಎಂದೂ ತಿಳಿಸಿದ ತಮ್ಮ ಪತ್ರ ಕೈಸೇರಿತು. ಇಷ್ಟು ದೊಡ್ಡ ಬಿರುದು ಬದುಕಿನಲ್ಲಿ ನನಗೆ ಬಂದಿರಲಿಲ್ಲ.

ನಮ್ಮಂಥ ಬಡ ಕಪ್ಪು ಮುದುಕಿಯರನ್ನು "ತಲುಪುವುದೇ ಕಷ್ಟ" ಎಂದು ತಮ್ಮ ಕಚೇರಿಯವರು ಸಭೆ ಸಭೆಗಳಲ್ಲಿ ಮರುಗುತ್ತಾರಂತೆ. ನಾನು ನಲವತ್ತೊಂದು ವರ್ಷದಿಂದ ಇದೇ ಎರಡನೇ ಮಹಡಿಯಲ್ಲಿದ್ದೇನೆ; ಮೀಟರ್ ನೋಡುವವನು, ಬಾಡಿಗೆ ವಸೂಲಿಯವನು, ಶವಸಂಸ್ಕಾರದ ವಿಮೆ ಮಾರುವವನು, ಇವರ್‍ಯಾರೂ ಒಂದು ದಿನವೂ ದಾರಿ ತಪ್ಪಿಲ್ಲ. ತಮ್ಮ ಸೇವೆಯ ಸುದ್ದಿ ಮಾತ್ರ ಒಂದು ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕೋಟು ಹುಡುಕುತ್ತಿರುವಾಗ ನಮ್ಮ ಪಾದ್ರಿಗಳ ಬಾಯಿಂದ ತಿಳಿಯಿತು. ಮರುದಿನವೇ ಫೋನು ಮಾಡಿದೆ.

ಗುರುವಾರ ಕಚೇರಿಯವರು ಬರುತ್ತಾರೆಂದು ಗೊತ್ತಾದ ಕೂಡಲೇ ನಾನು ಮಾಡಿದ್ದು ನಮ್ಮವರೆಲ್ಲ ಮಾಡುವ ತಪ್ಪನ್ನೇ. ನನ್ನ ತಾಯಿಯ ಕಾಲದಲ್ಲಿ ಕಾಗದ ಹಿಡಿದು ಬಂದ ಅಧಿಕಾರಿಗಳು ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು, ಮನೆಯಲ್ಲಿ ಗಂಡಸಿದ್ದರೆ ಸರ್ಕಾರಿ ನೆರವು ನಿಲ್ಲಿಸಲು ಮಂಚದಡಿ ಬಗ್ಗಿ ಗಂಡಸರ ಬೂಟು ಹುಡುಕುತ್ತಿದ್ದರು. ಅಂದಿನಿಂದ ಕಚೇರಿಯವರ ಕಣ್ಣಿಗೆ ನಮ್ಮ ಮನೆಯಾಗಲಿ ಮೈಯಾಗಲಿ ಕೊಂಚವೂ ಕೊಳಕಾಗಿ ಕಾಣಕೂಡದು. ಪಕ್ಕದ ಮನೆಯ ಕ್ಲಿಯೋಥಾಳ ಕೈಯಲ್ಲಿ ನೆಲ ಉಜ್ಜಿಸಿದೆ, ಕಾಯಿಸಿದ ಬಾಚಣಿಗೆಯಿಂದ ಕೂದಲು ನೇರ ಮಾಡಿಸಿಕೊಂಡೆ, ಈಸ್ಟರ್ ಹಬ್ಬದ ಉಡುಪು ತೊಟ್ಟೆ, ಗೋಡೆ ಹಿಡಿದು ಹಿಡಿದು ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿತಿಂಡಿ ಬೇಯಿಸಿದೆ. "ಲೇ ವರ್ನಿಸ್, ಬರ್ತಿರೋನು ನಿನ್ ಕೈ ಹಿಡಿಯೋಕಾ, ಇಲ್ಲ ನಿನ್ ಮಂಡಿ ನೋಡೋಕಾ?" ಎಂದು ಕ್ಲಿಯೋಥಾ ಹಂಗಿಸಿದರೂ ನನಗೆ ಬುದ್ಧಿ ಬರಲಿಲ್ಲ.

ಅಡುಗೆ ಮಾಡಿಕೊಳ್ಳಬಲ್ಲಿರಾ ಎಂಬ ಪ್ರಶ್ನೆಗೆ ತಾವು ಎರಡು ಬಟ್ಟಲು ಕಾಬ್ಲರ್ ತಿಂದು ತಾವೇ ಉತ್ತರ ಕಂಡುಕೊಂಡಿರಿ. ತಮ್ಮನ್ನು ಬೀಳ್ಕೊಡಲು ಎದ್ದು ನಿಂತಾಗ "ಆಧಾರವಿಲ್ಲದೆ ಎದ್ದರು" ಎಂದು ಬರೆದುಕೊಂಡಿರಿ. ಅತಿಥಿ ಹೊರಟಾಗ ಕೂತೇ ಇರುವುದನ್ನು ನಮ್ಮಮ್ಮ ನನಗೆ ಕಲಿಸಿರಲಿಲ್ಲ. ತಾವು ಮೆಟ್ಟಿಲಿಳಿದ ಮೇಲೆ ಮೂರು ದಿನ ನಾನು ಹಾಸಿಗೆ ಬಿಟ್ಟೇಳಲಿಲ್ಲ. ಇನ್ನು, ನನ್ನ ಮೊಮ್ಮಗನ ವಯಸ್ಸಿನ ತಾವು "ಸ್ನಾನ ನೀವೇ ಮಾಡ್ಕೋತೀರಾ ಅಮ್ಮಾ?" ಎಂದು ಕೇಳಿದಾಗ, "ದೇವರ ದಯೆ ಕಣಪ್ಪಾ, ಎಲ್ಲಾ ಚೆನ್ನಾಗಿ ನಡೀತಿದೆ" ಎಂದೆ. ಅದು ಹಸಿ ಸುಳ್ಳು.

ಆದ್ದರಿಂದ ಮರುಪರಿಶೀಲನೆಗೆ, ನೋಡಿದರೆ ಗೌರವವೇ ಹುಟ್ಟದಂಥ ಒಬ್ಬ ಅಧಿಕಾರಿಯನ್ನು ಕಳುಹಿಸಿಕೊಡಬೇಕಾಗಿ ವಿನಂತಿ. ಅಂಥವರು ತಮ್ಮಲ್ಲಿ ಇಲ್ಲವೆಂದಾದರೆ ತಾವೇ ದಯಮಾಡಿಸಿ, ಬಾಗಿಲಲ್ಲೇ ನಿಂತು ನನ್ನ ಚರ್ಚಿನ ಟೋಪಿಯನ್ನು ಹೀಯಾಳಿಸಿ. ಸಿಟ್ಟಿನಲ್ಲಿ ನನ್ನ ಬಾಯಿಂದ ನಿಜ ಬಂದುಬಿಡುತ್ತದೆ. ಅದೂ ಆಗದಿದ್ದರೆ ಫಾರಮ್ಮಿನ ಕೊನೆಯಲ್ಲಿ "ಇದುವರೆಗೆ ಹೇಳಿದ್ದರಲ್ಲಿ ಸುಳ್ಳೆಷ್ಟು?" ಎಂಬ ಪ್ರಶ್ನೆಯೊಂದನ್ನು ಸೇರಿಸಿದರೆ ಮಹದುಪಕಾರವಾಗುತ್ತದೆ.

ಈಗ ನಗೆ ಬಿಟ್ಟು ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ನಾನು ದಿಣ್ಣೆಯ ಮೇಲಿನ ದೊಡ್ಡ ಮನೆಗಳಲ್ಲಿ ಬೇರೆಯವರ ತಾಯಂದಿರಿಗೆ ಸ್ನಾನ ಮಾಡಿಸಿದವಳು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುವುದು, ಒಂದು ಟವಲಿನಲ್ಲಿ ಮಾನ ಮುಚ್ಚಿ ಇನ್ನೊಂದರಲ್ಲಿ ಬೆನ್ನೊರೆಸುವುದು, ಅವರಿಗೆ ನಾಚಿಕೆಯಾಗದಂತೆ ಹವಾಮಾನದ ಮಾತಾಡುವುದು, ಎಲ್ಲವೂ ನನಗೆ ಗೊತ್ತು. ಡಿಸೆಂಬರಿನಲ್ಲಿ ನನ್ನ ಸ್ನಾನದ ತೊಟ್ಟಿಯಲ್ಲೇ ಜಾರಿಬಿದ್ದು, ನೀರು ತಣ್ಣಗಾಗಿ ಕ್ಲಿಯೋಥಾ ಬರುವವರೆಗೂ ಕೂಗುತ್ತಿದ್ದೆ. ಅಂದಿನಿಂದ ಅದರೊಳಗೆ ಕಾಲಿಟ್ಟಿಲ್ಲ. ನಲ್ಲಿಯ ಮುಂದೆ ನಿಂತು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತೇನೆ. ನನಗೆ ಭಯವಾಗುತ್ತದೆ. ಪಕ್ಕದವರಿಗೆ ನನ್ನ ಮೈವಾಸನೆ ಬಂದೀತೆಂದು ಚರ್ಚಿನಲ್ಲಿ ಕೊನೆಯ ಬೆಂಚಿಗೆ ಸರಿದಿದ್ದೇನೆ. ವಾರಕ್ಕೆರಡು ದಿನ ಒಬ್ಬ ಹೆಂಗಸನ್ನು ಕಳುಹಿಸಿ.

ಈ ಪತ್ರದ ಪ್ರತಿಯನ್ನು ಚರ್ಚಿನ ಫಲಕಕ್ಕೆ ಅಂಟಿಸುತ್ತಿದ್ದೇನೆ. ತಮ್ಮಿಂದ ಇದೇ ಬಿರುದು ಪಡೆದ ಇನ್ನೂ ಆರು ಮಂದಿ ಮುದುಕಿಯರು ಅಲ್ಲಿದ್ದಾರೆ. ನಾನು ನಾಚಿಕೆ ಬಿಟ್ಟಿದ್ದನ್ನು ಓದಿದರೆ ಅವರೂ ಬಾಯಿ ಬಿಟ್ಟಾರು.

ತಮ್ಮ ಪರೀಕ್ಷೆಯಲ್ಲಿ ಪಾಸಾಗಿ ಕೆಟ್ಟ,
ತಮ್ಮ ವಿಶ್ವಾಸಿ,
ವರ್ನಿಸ್ ಪೆಟಿಗ್ರೂ

ಮರೆತಿದ್ದು: ತಮ್ಮ ತಾಯಿಯವರು ಒಬ್ಬರೇ ಇದ್ದಾರೆಂದು ಅಂದು ಹೇಳಿದ ನೆನಪು. ಇವತ್ತು ಅವರಿಗೊಂದು ಫೋನು ಮಾಡಿ, ಸ್ನಾನ ತಾವೇ ಮಾಡಿಕೊಳ್ಳುತ್ತಾರಾ ಎಂದು ಕೇಳಿ. "ನಂಗೇನಪ್ಪಾ, ಚೆನ್ನಾಗೇ ಇದೀನಿ" ಎನ್ನುತ್ತಾರೆ. ಆ ಉತ್ತರವನ್ನು ಬರೆದುಕೊಳ್ಳಬೇಡಿ. ಎದ್ದು ಹೋಗಿ ನೋಡಿ.