ಪೋಸ್ಟ್‌ಮ್ಯಾನ್ ಧೋಂಡಪ್ಪನ ಬಿಡುಗಡೆ ಕೋರಿ

ವಾರಕ್ಕೊಂದು ಕೊಲೆಯಿಲ್ಲದೆ ಊಟ ಸೇರದ ನಮ್ಮಂಥವರ ಪೋಷಕರೂ, 'ಮರಕುಟಿಗ ಪ್ರಕಾಶನ'ದ ಒಡೆಯರೂ ಆದ ಮಾನ್ಯರೇ,

ವಡೋದರಾದಿಂದ ಸುಬ್ರಹ್ಮಣ್ಯನ ಸಾಷ್ಟಾಂಗ ವಂದನೆಗಳು. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು... ಮುಂದಿನದು ಪಿಯುಸಿಯಲ್ಲೇ ಉಳಿಯಿತು, ಕನ್ನಡದಲ್ಲೇ ಬರೆಯುತ್ತೇನೆ.

ತಮ್ಮ ಎರಡು ಪತ್ತೇದಾರಿ ಮಾಲೆಗಳನ್ನು ಬೆಸೆಯುವ 'ಎರಡೂರಿನ ಹೆಣ' ಎಂಬ ಕಿರುಕಾದಂಬರಿ ಓದಿ ಧನ್ಯನಾದೆ. ಹಿಮದಲ್ಲಿ ಹೂತ ಹನ್ನೊಂದು ಮನೆಗಳ ಊರಿನಲ್ಲಿ ಕೊಲೆ ಪತ್ತೆಮಾಡುವ ಪೋಸ್ಟ್‌ಮ್ಯಾನ್ ಧೋಂಡಪ್ಪನನ್ನೂ, ಮೊಸಳೆಗಳ ಜೌಗುದ್ವೀಪದಲ್ಲಿ ಅದೇ ಕೆಲಸ ಮಾಡುವ ಸೂಲಗಿತ್ತಿ ರಾಜಮ್ಮನನ್ನೂ ಒಂದೇ ಹೆಣದ ಎದುರು ನಿಲ್ಲಿಸಿದ್ದೀರಿ. ಹೆಣ ಹಿಮದಿಂದ ಜೌಗಿಗೆ ರಿಜಿಸ್ಟರ್ಡ್ ಪಾರ್ಸೆಲ್‌ನಲ್ಲಿ ಬಂತೆಂಬುದು ಅದ್ಭುತ. ಪಿನ್‌ಕೋಡ್ ಸರಿಯಾಗಿತ್ತೆಂಬುದು ಇನ್ನೂ ಅದ್ಭುತ.

ಆ ಹನ್ನೊಂದು ಮನೆಗಳಲ್ಲಿ ಈವರೆಗೆ ಮೂವತ್ತನಾಲ್ಕು ಕೊಲೆಗಳಾಗಿವೆ. ಕೊಯಾಲಿಯ ತೈಲ ಕಾರ್ಖಾನೆಯಲ್ಲಿ ಸುರಕ್ಷಾ ಅಧಿಕಾರಿಯಾಗಿದ್ದ ನಾನು ಯಾರದಾದರೂ ಬೆರಳು ಜಜ್ಜಿದರೂ ವರದಿ ಬರೆದವನು. ತಮ್ಮ ಲೇಖಕರು ಅಳಿದುಳಿದವರಿಗೆ ಒಂದು ಹೆಲ್ಮೆಟ್ಟನ್ನೂ ಕೊಡದಿರುವುದು ಕಲಾಸಂಯಮವೇ ಇರಬೇಕು.

ದೂರು ಅದಲ್ಲ. ಹಿಮದ ಮಾಲೆ ನನ್ನ ಹೆಂಡತಿ ಜಯಾಳ ಮೆಚ್ಚಿನದು. ಆರು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ನಾನು ಓದಲು ಹಿಡಿದೆ. ಜೌಗಿನ ಮಾಲೆ ನರೋಡಾದಲ್ಲಿ ಉಡುಪಿ ಹೋಟೆಲ್ ನಡೆಸುವ ಪ್ರೇಮಾ ಅವರ ಮೆಚ್ಚಿನದು. ಅವರೂ ನನ್ನಂತೆ ಒಂಟಿ. ಹಾಗಾಗಿ ಈ ಪುಸ್ತಕವನ್ನು ಪ್ರತಿ ಶನಿವಾರ ರೈಲಿನಲ್ಲಿ ಒಯ್ದು, ಅವರು ದೋಸೆ ಹೊಯ್ಯುತ್ತಿದ್ದಂತೆ ಕಾವಲಿಯ ಪಕ್ಕ ನಿಂತು ಎರಡೆರಡು ಅಧ್ಯಾಯ ಗಟ್ಟಿಯಾಗಿ ಓದಿದೆ. ಜೌಗಿನ ಆ ಸೆಕೆಯಲ್ಲೂ ಧೋಂಡಪ್ಪ ರಾಜಮ್ಮನಿಗೆ ತನ್ನ ಕಂಬಳಿ ಹೊದಿಸಿದ ಅಧ್ಯಾಯದಲ್ಲಿ ಧೈರ್ಯ ಬಂದು, ನಾನೂ ಮದುವೆಯ ಮಾತೆತ್ತಿದೆ. ಅವರು ಸಟ್ಟುಗ ಎತ್ತಿ, "ಆ ಪೋಸ್ಟ್‌ಮ್ಯಾನಿನ ಮೇಲೇ ನಂಗೆ ಗುಮಾನಿ ಮಾರಾಯ್ರೆ. ಅವ ಕೊಲೆಗಾರ ಅಲ್ಲ ಅಂತಾದ್ರೆ ಆಲೋಚನೆ ಮಾಡುವ" ಎಂದರು.

ಮನೆಗೆ ಬಂದವನೇ ಕೊನೆಯ ಪುಟ ತೆರೆದೆ. ಧೋಂಡಪ್ಪ ಬಿಸಿಲು ಕಾಯಿಸುತ್ತ ಚಹಾ ಕುಡಿಯುತ್ತಿದ್ದ! ಕೂಡಲೇ ಫೋನ್ ಮಾಡಿ "ಹಂಡ್ರೆಡ್ ಪರ್ಸೆಂಟ್ ಇನ್ನೋಸೆಂಟು" ಎಂದು ಆಣೆಯಿಟ್ಟೆ. ಮುಂದಿನ ಶನಿವಾರ, ಗಿರಾಕಿಗಳೆಲ್ಲರ ಎದುರು, ಗಟ್ಟಿಯಾಗಿ ಓದುತ್ತಿದ್ದ ನನ್ನ ಬಾಯಿಂದಲೇ ಅವನ ಕೈಗೆ ಕೋಳ ಬಿತ್ತು. ನಾನು ನೋಡಿದ್ದು, ಬರಲಿರುವ 'ಧೋಂಡಪ್ಪನ ಯೌವನ'ದ ಜಾಹೀರಾತಿಗೆಂದು ತಾವು ಪುಸ್ತಕದ ಕೊನೆಗೆ ಅಂಟಿಸಿದ ಮಾದರಿ ಅಧ್ಯಾಯವಂತೆ.

ಆದ್ದರಿಂದ ಮರುಮುದ್ರಣದಲ್ಲಿ ಧೋಂಡಪ್ಪನನ್ನು ದಯವಿಟ್ಟು ಬಿಡುಗಡೆ ಮಾಡಿ. ತಪ್ಪನ್ನು ಯಾವುದಾದರೂ ಮೊಸಳೆ ಒಪ್ಪಿಕೊಳ್ಳಲಿ, ಅದರ ಹೇಳಿಕೆ ನಾನೇ ಬರೆದುಕೊಡುತ್ತೇನೆ. ಅದಾಗದಿದ್ದರೆ ಹೆಣವನ್ನೇ ಎಬ್ಬಿಸಿ, ತನ್ನನ್ನು ಯಾರೂ ಕೊಂದಿಲ್ಲವೆಂದು ಹೇಳಿಸಿ, ಒಂದು ಪ್ರತಿಯನ್ನು ನರೋಡಾಕ್ಕೆ ಕಳಿಸುವುದು.

ಧೋಂಡಪ್ಪ ಹೊರಬರುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಸುಬ್ರಹ್ಮಣ್ಯ

ಮರೆತ ಮಾತು: ಇದನ್ನು ಲಕೋಟೆಗೆ ಹಾಕುವ ಮೊದಲು ಪ್ರೇಮಾ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. "ಅವ ಕೊಂದದ್ದಕ್ಕೆ ಬೇಸರ ಇಲ್ಲ, ಸತ್ತವ ಅಂಥವನೇ. ನೀವು ನನ್ನ ಬಿಟ್ಟು ಕೊನೆ ಪುಟ ನೋಡಿದ್ರಲ್ಲ ಮಾರಾಯ್ರೆ!" ಎಂದರು. ಇನ್ನು ಮುಂದೆ ಪುಸ್ತಕವನ್ನು ಅವರೇ ಕೊಂಡು ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದಾಗಿಯೂ, ಮುಗಿಯುವವರೆಗೆ ನಾನು ಅಲ್ಲಿಗೇ ಬಂದು ಓದಬೇಕೆಂದೂ, ಮದುವೆಯ ಮಾತಿಗೆ ಉತ್ತರವನ್ನು ಆಮೇಲೆ ಹೇಳುವುದಾಗಿಯೂ ತೀರ್ಪಾಗಿದೆ. ಆದ್ದರಿಂದ ಧೋಂಡಪ್ಪ ಒಳಗೇ ಇರಲಿ. ಮುಂದಿನ ಪುಸ್ತಕ ಮಾತ್ರ ಒಂಬೈನೂರು ಪುಟವಿರಲಿ. ಮೂವತ್ತು ಪುಟದ ಕಥೆಯನ್ನು ಎಳೆಯುವ ತಮ್ಮ ಲೇಖಕರ ಪ್ರತಿಭೆ ಇದೊಮ್ಮೆ ಒಬ್ಬನಿಗಾದರೂ ಉಪಯೋಗಕ್ಕೆ ಬರಲಿ.