ಊಟದ ಟೇಬಲ್ ಮೇಲೆ ಕಾಕ್‌ಪಿಟ್

ಈ ದೇಶದ ಮೋಡಗಳಿಗೆ ಬುದ್ಧಿ ಕಲಿಸದಿದ್ದರೆ ನನ್ನ ಹೆಸರು ಜಲಾಲ್ ಅಲ್ಲ! ಬೆಸ್ಟ್ ಎಂಬ ಡಚ್ ಊರಿನ ನಮ್ಮ ಮನೆಯ ಕಿಟಕಿಯ ಮುಂದೆ ನಿಂತು, ಆಕಾಶಕ್ಕೆ ಸ್ಪ್ಯಾನರ್ ತೋರಿಸಿ ನಾನು ಹೀಗೆ ಘೋರ ಪ್ರತಿಜ್ಞೆ ಮಾಡಿದೆ. ಸಿಟ್ಟು ಬರದೆ ಇನ್ನೇನು? ಐದು ವರ್ಷ ಸಿಕ್ಕ ರಜೆಯನ್ನೆಲ್ಲ ಸುರಿದು, ಒಂದೊಂದೇ ರಿವೆಟ್ ಬಡಿದು, ಎರಡು ಸೀಟಿನ ವಿಮಾನವನ್ನು ಕೈಯಾರೆ ಕಟ್ಟಿದ್ದೇನೆ. ಅದನ್ನು ಹಾರಿಸುವುದಕ್ಕೆ ಕಣ್ಣಿಗೆ ನೆಲ ಕಾಣಬೇಕು. ನೆಲ ಕಾಣುವ ದಿನ ನನಗೆ ಆಫೀಸಿನಲ್ಲಿ ಮೀಟಿಂಗು. ಶನಿವಾರ ಬಂತೋ, ಮೋಡ ಹಾಜರ್!

ಆದ್ದರಿಂದ ಇನ್ನು ಮೇಲೆ ಉಪಕರಣಗಳನ್ನಷ್ಟೇ ನಂಬಿಕೊಂಡು ಮೋಡದ ಹೊಟ್ಟೆಯೊಳಗೇ ನುಗ್ಗುವುದು ಎಂದು ತೀರ್ಮಾನಿಸಿದೆ. ಅದಕ್ಕೆ ಹಳೆಯ ಮೀಟರುಗಳನ್ನು ಕಿತ್ತು ಹೊಸ ಸ್ಕ್ರೀನು, ಹೊಸ ರೇಡಿಯೊ, ದಿಕ್ಕು ಹೇಳುವ ಹೊಸ ಸೆನ್ಸರ್ ಹಾಕಬೇಕು. ಹ್ಯಾಂಗರಿನಲ್ಲಿ ಬೆರಳು ಮರಗಟ್ಟುವ ಚಳಿ. ಮೊದಲು ಎಲ್ಲವನ್ನೂ ಒಂದು ಹಲಗೆಗೆ ಜೋಡಿಸಿ ಮನೆಯಲ್ಲೇ ಪರೀಕ್ಷಿಸೋಣವೆಂದು ಊಟದ ಟೇಬಲ್ಲನ್ನು ವಶಪಡಿಸಿಕೊಂಡೆ.

"ರೀ, ಇದು ರಂಜಾನ್ ತಿಂಗಳು," ಎಂದಳು ಹೆಂಡತಿ ಅಕೀಲಾ. "ಭಾನುವಾರ ಇಫ್ತಾರ್‌ಗೆ ಯುಟ್ರೆಕ್ಟ್‌ನಿಂದ ನೋಮಾನ್ ಫ್ಯಾಮಿಲಿ ಬರ್ತಿದಾರೆ. ಬಿರಿಯಾನಿ ಎಲ್ಲಿಡ್ಲಿ? ನಿಮ್ಮ ರೇಡಿಯೊ ತಲೆ ಮೇಲಾ?"

"ನೆಲದ ಮೇಲೆ ಬಟ್ಟೆ ಹಾಸು! ನಮ್ಮ ಅಜ್ಜಂದಿರು ಹಾಗೇ ಊಟ ಮಾಡ್ತಿದ್ರು!"

"ಅವರ ಮೊಣಕಾಲು ಸರಿ ಇತ್ತು. ನನಗೆ ನನ್ನ ಟೇಬಲ್ ಬೇಕು, ಅಷ್ಟೇ."

ಅಷ್ಟರಲ್ಲಿ ಒಂದು ಸ್ಕ್ರೂ ಕೈಜಾರಿ ಕಾರ್ಪೆಟ್ಟಿನಲ್ಲಿ ಮಾಯವಾಯಿತು. ಸೋಫಾ ಎತ್ತಿದೆ, ಕಾರ್ಪೆಟ್ ಝಾಡಿಸಿದೆ, ಮಗಳು ಮೆಹವಿಶ್‌ಳ ಸ್ಕೂಲ್ ಬ್ಯಾಗನ್ನೂ ಸುರಿದು ನೋಡಿದೆ.

"ರೋಜಾ ಇಟ್ಕೊಂಡು ಸಿಟ್ಟು ಮಾಡಬಾರದು ರೀ. ಉಪವಾಸ ಕೆಡುತ್ತೆ."

"ನಾನೆಲ್ಲಿ ಸಿಟ್ಟು ಮಾಡ್ಕೊಂಡಿದೀನಿ!" ಎಂದು ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

ಅಂದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೆಕ್ಯಾನಿಕ್‌ಗಳು ಬಳಸುವ ಒಂದು ಬಟ್ಟಲು ತಂದೆ. ಸ್ಕ್ರೂ ಹಾಕಿ ತಲೆಕೆಳಗು ಮಾಡಿದರೂ ಒಂದೂ ಬೀಳದು! ಅದನ್ನು ಸೆನ್ಸರ್ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ, ಭದ್ರವಾಗಿ ಇಟ್ಟುಕೊಂಡೆ. ಆಮೇಲೆ ರಾಜಾಜ್ಞೆ ಹೊರಡಿಸಿದೆ: ಸೆನ್ಸರ್ ಬಹಳ ಸೂಕ್ಷ್ಮ, ಕಬ್ಬಿಣ ಕಂಡರೆ ಅದರ ತಲೆ ಕೆಡುತ್ತದೆ, ಆದ್ದರಿಂದ ಟೇಬಲ್ಲಿನ ಹತ್ತಿರ ಯಾರೂ ಲೋಹ ತರಕೂಡದು! ರೊಟ್ಟಿ ತವೆ ಗಡೀಪಾರಾಯಿತು. ಸ್ಟೀಲ್ ಲೋಟಗಳು ಗಡೀಪಾರಾದವು. ಮೆಹವಿಶ್ ಸೈಕಲ್ ಕೀ ಹಿಡಿದು ಬಂದಿದ್ದಕ್ಕೆ ಬಾಗಿಲಲ್ಲೇ ತಡೆದೆ. ಅವಳು "ಪಪ್ಪಾ ಈಸ್ ಇಂಪಾಸಿಬಲ್" ಎಂದು ಮಹಡಿ ಹತ್ತಿದಳು.

ಶನಿವಾರ ಸ್ವಿಚ್ ಒತ್ತಿದೆ. ಸ್ಕ್ರೀನು ಬೆಳಗಿತು! ದಿಕ್ಕು ಬಂತು! ಆ ಹೆಮ್ಮೆಯಲ್ಲೇ ಹಾಲಿನಲ್ಲಿ ಹಾಸಿದ್ದ ನಮಾಜಿನ ಚಾಪೆಯನ್ನು ನೋಡುತ್ತೇನೆ, ಮಕ್ಕಾದ ದಿಕ್ಕಿಗೆ ಬರೋಬ್ಬರಿ ನಲವತ್ತು ಡಿಗ್ರಿ ಓರೆ!

"ಅಕೀಲಾ! ಈ ಮನೆಗೆ ಬಂದಾಗಿನಿಂದ ಚಾಪೆ ತಪ್ಪು ಹಾಸಿದೀವಿ!"

"ಮಸೀದಿಯವರೇ ಬಂದು ತೋರಿಸಿದ ದಿಕ್ಕು ಅದು."

"ಅವರ ಹತ್ರ ಇಂಥ ಸೆನ್ಸರ್ ಇತ್ತಾ? ಇದು ಮೋಡದೊಳಗೆ ದಾರಿ ತೋರಿಸೋ ಯಂತ್ರ!"

"ಆ ಯಂತ್ರ ನಂಬ್ಕೊಂಡೇ ಮೋಡದೊಳಗೆ ಹೋಗ್ತೀರಾ? ಯಾ ಅಲ್ಲಾ! ಅದಕ್ಕೇ ಆ ಡಬ್ಬಿಯೊಳಗೆ ನನ್ನ ಚಪ್ಪಲೀನೂ ಹತ್ತಲ್ಲ."

ಇದು ನನ್ನ ಹಳೆಯ ಗಾಯ. ವಿಮಾನ ಕಟ್ಟಿದ ದಿನದಿಂದ ಕರೆಯುತ್ತಿದ್ದೇನೆ, ಒಮ್ಮೆಯೂ ಹತ್ತಿಲ್ಲ ಪುಣ್ಯಾತ್ಗಿತ್ತಿ. ರೇಗಿ ಹೋಯಿತು. "ಒಂದು ಡಿಗ್ರಿ ತಪ್ಪಿದ್ರೂ ಈ ಟೇಬಲ್ ನಿಂದು! ಇನ್ನೊಂದು ವೈರ್ ಮನೆಯೊಳಗೆ ತರಲ್ಲ!"

"ಮಾತಿಗೆ ತಪ್ಪಬಾರದು."

"ನಾನು ತಪ್ಪಲ್ಲ, ನನ್ನ ಸೆನ್ಸರೂ ತಪ್ಪಲ್ಲ!"

ಸೂರ್ಯನನ್ನು ನೋಡಿ ತಾಳೆ ಹಾಕೋಣವೆಂದರೆ ಮೋಡ. ಹೊಸ ದಿಕ್ಕಿಗೆ ಚಾಪೆ ತಿರುಗಿಸಿದೆ. ಚಾಪೆಗೆ ಸೋಫಾ ಅಡ್ಡ ಬಂತು, ಸೋಫಾಕ್ಕೆ ಕಪಾಟು ಅಡ್ಡ ಬಂತು, ಕಪಾಟನ್ನು ದಬ್ಬುವಾಗ ಅದರ ಒಂದು ಕಾಲು ಮುರಿಯಿತು. ಆ ತಪ್ಪನ್ನೂ ಅಕೀಲಾಳ ತಲೆಗೇ ಕಟ್ಟಿದೆ.

ಭಾನುವಾರ ನೋಮಾನ್ ಹೆಂಡತಿ ಮಕ್ಕಳೊಂದಿಗೆ ಬಂದ. ನನ್ನ ಆಫೀಸಿನಲ್ಲೇ ಕೆಲಸ ಮಾಡುವವನು, ನನಗಿಂತ ಚಿಕ್ಕವನು. ಹೊತ್ತು ಮುಳುಗಿತು, ಖರ್ಜೂರ ತಿಂದು ರೋಜಾ ಬಿಟ್ಟೆವು, ನಮಾಜಿಗೆ ಎದ್ದೆವು. ಚಾಪೆ ನೋಡಿ ಅವನು ತಲೆ ಕೆರೆದುಕೊಂಡ.

"ಭಾಯ್, ಹಿತ್ತಲಲ್ಲಿ ಫೋನಲ್ಲಿ ದಿಕ್ಕು ನೋಡ್ದೆ. ಮಕ್ಕಾ ಆ ಕಡೆ ಅಲ್ವಾ?"

"ಫೋನು! ಅದು ಮಕ್ಕಳಾಟದ ಸಾಮಾನು! ನನ್ನ ಸ್ಕ್ರೀನ್ ನೋಡು!"

"ಬೇಜಾರು ಮಾಡ್ಕೋಬೇಡಿ ಭಾಯ್. ನೀವು ತೋರಿಸೋ ಕಡೆ ಹೋದ್ರೆ ಸ್ವಿಟ್ಜರ್‌ಲ್ಯಾಂಡ್ ಸಿಗುತ್ತೆ."

"ವಿಮಾನ ಕಟ್ಟಿದವನು ನಾನೋ ನೀನೋ?" ಎಂದು ನಾನು ಎಗರಾಡುತ್ತಿದ್ದಾಗಲೇ ಅಕೀಲಾ ಬಿಸಿ ಸಮೋಸದ ತಟ್ಟೆ ಹಿಡಿದು ಬಂದಳು. ಕೈ ಸುಡುತ್ತಿತ್ತು, ಇಡಲು ಜಾಗವಿರಲಿಲ್ಲ. ಇನ್ನೊಂದು ಕೈಯಿಂದ ನನ್ನ ಸ್ಕ್ರೂ ಬಟ್ಟಲನ್ನು ಎತ್ತಿ, ಆ ಜಾಗದಲ್ಲಿ ತಟ್ಟೆ ಇಟ್ಟಳು.

"ಪಪ್ಪಾ! ಸ್ಕ್ರೀನಲ್ಲಿ ದಿಕ್ಕು ತಿರುಗ್ತಿದೆ!" ಎಂದು ಮೆಹವಿಶ್ ಕೂಗಿದಳು.

ಹೌದು, ತಿರುಗುತ್ತಿತ್ತು. ಮೆಲ್ಲಗೆ, ನಾಚಿಕೆಯಿಲ್ಲದೆ, ಪೂರಾ ನಲವತ್ತು ಡಿಗ್ರಿ ತಿರುಗಿ ಮಸೀದಿಯವರ ದಿಕ್ಕಿಗೇ ಬಂದು ನಿಂತಿತು. ಅಕೀಲಾ ಬಟ್ಟಲನ್ನು ಹತ್ತಿರ ತಂದಳು. ಸ್ವಿಟ್ಜರ್‌ಲ್ಯಾಂಡ್! ದೂರ ಒಯ್ದಳು. ಮಕ್ಕಾ! ಮತ್ತೆ ತಂದಳು. ಆಮೇಲೆ ಒಂದು ಚಮಚವನ್ನು ಬಟ್ಟಲಿನ ತಳಕ್ಕೆ ಹಿಡಿದಳು. ಟಕ್ಕನೆ ಅಂಟಿಕೊಂಡಿತು.

"ರೀ, ಇದರ ಅಡಿಯಲ್ಲಿ ಏನಿದೆ?"

ನಾನು ಕಾರ್ಪೆಟ್ ನೋಡುತ್ತಿದ್ದೆ. ಕಳೆದುಹೋದ ಸ್ಕ್ರೂ ಅಲ್ಲೇ, ನನ್ನ ಕಾಲಬುಡದಲ್ಲೇ ಬಿದ್ದಿತ್ತು.

"ಮ್ಯಾಗ್ನೆಟ್," ಎಂದ ನೋಮಾನ್, ಬಹಳ ಮರ್ಯಾದೆಯಿಂದ.

ನನ್ನ ತವೆಯ ಕಾನೂನು, ಲೋಟದ ಕಾನೂನು, ಸೈಕಲ್ ಕೀ ಕಾನೂನು ಎಲ್ಲ ಒಮ್ಮೆಲೇ ನೆನಪಾದವು. ಬಟ್ಟಲಿನ ಮೇಲೆ ಸಿಟ್ಟು ಬಂತು, ಮಾರಿದ ಅಂಗಡಿಯವನ ಮೇಲೆ ಬಂತು, ಹೊರಗಿನ ಮೋಡದ ಮೇಲೂ ಬಂತು. ಯಾರ ಮೇಲೂ ತೋರಿಸುವಂತಿರಲಿಲ್ಲ. ಚಾಪೆಯನ್ನು ಮೊದಲಿನಂತೆ ಹಾಸಿ, ನಮಾಜು ಮಾಡಿಸಲು ನೋಮಾನ್‌ನನ್ನು ಮುಂದೆ ನಿಲ್ಲಿಸಿ ಹಿಂದೆ ನಿಂತೆ. ನಮಾಜು ಮುಗಿದ ಮೇಲೆ ಹಲಗೆ, ವೈರು, ಸ್ಕ್ರೀನು ಎಲ್ಲವನ್ನೂ ಹೊತ್ತು ಹಿತ್ತಲಿನ ಶೆಡ್ಡಿಗೆ ಹಾಕಿ ಬಂದೆ. ಟೇಬಲ್ ಮೇಲೆ ಬಿರಿಯಾನಿ ಹಬೆಯಾಡುತ್ತಿತ್ತು.

ನನಗೆ ಬಡಿಸುತ್ತ ಅಕೀಲಾ ಮೆತ್ತಗೆ ಹೇಳಿದಳು: "ರೀ, ಮೋಡದೊಳಗೆ ಹೋಗೋವಾಗ ನನ್ನೂ ಕರ್ಕೊಂಡು ಹೋಗಿ."

ನನ್ನ ಕಣ್ಣು ತುಂಬಿ ಬಂತು. ಸೋತರೂ ಗೆದ್ದೆನಲ್ಲ! "ನಿಜವಾಗ್ಲೂ ಬರ್ತೀಯಾ?"

"ಬರದೆ ಇರೋಕಾಗುತ್ತಾ? ಬಟ್ಟಲು ಎತ್ತೋಕೆ ಒಬ್ಬರು ಬೇಕಲ್ಲ!"