ವೀರಗಲ್ಲಿಗೆ ಊರಿನ ಹೆಸರು ಬರೆಸಿದ್ದು

ಸಿಟ್ಟು ನಮ್ಮ ಮನೆತನದ ಆಸ್ತಿ. ಹೊಲ ಪಾಲಾಯಿತು, ಮನೆ ಪಾಲಾಯಿತು, ಸಿಟ್ಟು ಮಾತ್ರ ಇಡಿಯಾಗಿ ನನ್ನ ಪಾಲಿಗೇ ಬಂತು. ಆದ್ದರಿಂದ ಒಂದು ಭಾನುವಾರ ನಾನು ಸಂಸಾರ ಸಮೇತ ವಸ್ತುಸಂಗ್ರಹಾಲಯಕ್ಕೆ ಹೊರಟದ್ದು ವಿಹಾರಕ್ಕಲ್ಲ. ಅದು ದಂಡಯಾತ್ರೆ! ಗೆಲುವು ನನ್ನದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸಂಗತಿ ಇಷ್ಟೆ. ರಾಯದುರ್ಗದ ಹತ್ತಿರ ನಮ್ಮೂರು. ಅಲ್ಲಿ ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿತ್ತು. ಕತ್ತಿ ಹಿಡಿದ ವೀರ, ಅವನ ಕಾಲ ಬಳಿ ಒಂದಿಷ್ಟು ದನ. ಅವನೇ ನಮ್ಮ ಮೂಲಪುರುಷ ಎಂದು ನನಗೆ ಅಜ್ಜ ಹೇಳಿದ್ದ, ಅಜ್ಜನಿಗೆ ಅವನಜ್ಜ ಹೇಳಿದ್ದ. ಶೇಂಗಾ ಬಿತ್ತುವ ಮುಂಚೆ ಅವನಿಗೆ ಎಣ್ಣೆ ಹಚ್ಚಿ, ಕಾಯಿ ಒಡೆದು, ಹೋಳಿಗೆ ಎಡೆ ಇಡುವುದು ಪದ್ಧತಿ. ತಲೆತಲಾಂತರದ ಎಣ್ಣೆ ಜಿಡ್ಡುಗಟ್ಟಿ ಕಲ್ಲು ದೋಸೆಯ ಹಂಚಿನಂತಾಗಿತ್ತು. ರಸ್ತೆ ಅಗಲ ಮಾಡುವಾಗ ಯಾರೋ ಬಂದು ಅದನ್ನು ಎತ್ತಿಕೊಂಡು ಹೋಗಿ, ಎರಡು ಕೋಣೆಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು. ನಾನು ರಾಯದುರ್ಗದಲ್ಲಿ ಜೀನ್ಸ್ ಹೊಲಿಸಿ ಮಾರುವ ದಂಧೆಯ ಗಡಿಬಿಡಿಯಲ್ಲಿದ್ದೆ. ನನ್ನನ್ನು ಒಂದು ಮಾತು ಕೇಳಲಿಲ್ಲ!

ಇದಕ್ಕಿಂತ ದೊಡ್ಡ ಉರಿ ನನ್ನ ಹೆಂಡತಿಯ ತಮ್ಮ ನಾಗರಾಜ. ಅಮರಾಪುರದ ಕಡೆಯವನು, ಕುರಿ ಸಾಕುವ ಮನೆತನ. ಮದುವೆಯಾದಾಗಿನಿಂದ ನಾನು ಅವರ ಮನೆಯಲ್ಲಿ ‘ನಾವು ವೀರನ ವಂಶ’ ಎಂದು ಮೀಸೆ ತಿರುವಿಕೊಂಡೇ ಊಟಕ್ಕೆ ಕೂರುವವನು. ಈಗ ಅವನು ಸಿಕ್ಕ ಸಿಕ್ಕಲ್ಲಿ, “ಭಾವ, ಆ ಕಲ್ಲು ನಿಮ್ದೇ ಅನ್ನಾಕೆ ಏನ್ ಆಧಾರ ಐತೆ?” ಎನ್ನತೊಡಗಿದ. ಆಧಾರ ಬೇಕೇ? ತೋರಿಸೋಣ! ಕಲ್ಲಿನ ಕೆಳಗೆ ನಮ್ಮೂರಿನ ಹೆಸರು ದೊಡ್ಡ ಅಕ್ಷರದಲ್ಲಿ, ಕೋರಿದವನೆಂದು ನನ್ನ ಹೆಸರೂ ಬರೆಸಬೇಕೆಂದು ಅರ್ಜಿ ಬರೆದು, ಅವ್ವನನ್ನು, ಹೆಂಡತಿ ಗಂಗಮ್ಮನನ್ನು ಕರೆದುಕೊಂಡು, ಸಾಕ್ಷಿಗೆಂದು ನಾಗರಾಜನನ್ನೂ ಗಾಡಿಗೆ ಹತ್ತಿಸಿಕೊಂಡೆ.

ಬಾಗಿಲಲ್ಲೇ ಟಿಕೆಟ್ ಕೇಳಿದರು. ನನ್ನ ನೆತ್ತಿ ಕಾದಿತು.

“ನಮ್ಮ ದೇವರನ್ನ ನೋಡಾಕ ನಮಗಾ ಟಿಕೆಟ್ ಏನ್ರಿ?”

“ರೀ, ಸುಮ್ಕಿರಿ ಅತ್ಲಾಗೆ. ಬಾಗಿಲಿಂದ್ಲೇ ಸುರು ಮಾಡ್ಬೇಡಿ,” ಎಂದು ಗಂಗಮ್ಮ ದುಡ್ಡು ಕೊಟ್ಟಳು.

ಒಳಗೆ ನಮ್ಮ ಕಲ್ಲು ಟೈಲ್ಸ್ ಹಾಕಿದ ಕಟ್ಟೆಯ ಮೇಲೆ ನಿಂತಿತ್ತು. ಎಣ್ಣೆಯನ್ನೆಲ್ಲ ತೊಳೆದುಹಾಕಿದ್ದರು. ವೀರನ ಮೇಲೆ ಕೆಳಗೆ ಸಾಲು ಸಾಲು ಹಳೆಗಾಲದ ಅಕ್ಷರ! ಕಲ್ಲಿನ ಮೇಲೆ ಅಕ್ಷರವಿದೆ ಎಂಬುದೇ ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ, “ಅಯ್ಯೋ ನನ್ನಪ್ಪ, ಹೆಂಗ ಒಣಗಿಸ್ಯಾರ ನಿನ್ನ!” ಎಂದು ಸೆರಗಿನಿಂದ ಎಣ್ಣೆ ಬಾಟಲಿ ತೆಗೆದಳು. ಪಕ್ಕದ ಫಲಕದಲ್ಲಿ ‘ವೀರಗಲ್ಲು’ ಎಂದಷ್ಟೇ ಇತ್ತು. ಊರಿಲ್ಲ, ಹೆಸರಿಲ್ಲ!

ನಾನು ಕೂಗಿದ ಕೂಗಿಗೆ ಅಲ್ಲಿನ ಮೇಡಂ ಓಡಿ ಬಂದರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ.

“ಸರ್, ಊರಿನ ಹೆಸರು ನಾವು ಬೇಕಂತಲೇ ಬಿಟ್ಟಿದ್ದೀವಿ. ನಿಮ್ಮೂರಿನವರಿಗೆ ಬೇಜಾರಾಗಬಾರದು ಅಂತ...”

“ನಮ್ಮ ಬೇಜಾರಿನ ಚಿಂತಿ ನಿಮಗ ಬ್ಯಾಡ್ರಿ! ಮೊದ್ಲು ಅರ್ಜಿ ಇಸ್ಕೊಂಡು ಸೀಲ್ ಹಾಕ್ರಿ!”

“ಒಂದ್ಸಲ ಕಲ್ಲಿನಲ್ಲಿ ಏನು ಬರೆದಿದೆ ಅಂತ ಕೇಳಿ ಸರ್.”

“ಸೀಲ್ ಹಾಕಿ ಆಮ್ಯಾಲೆ ಓದ್ರಿ!”

ಅವರು ಸೀಲ್ ಹಾಕಿದರು. ವಿಜಯೋತ್ಸಾಹದಲ್ಲಿ ನಾನು ಮನೆಯಿಂದ ತಂದಿದ್ದ ತೆಂಗಿನಕಾಯಿಯನ್ನು ಕಟ್ಟೆಗೆ ಅಪ್ಪಳಿಸಿದೆ. ಕಾಯಿ ಒಡೆಯಲಿಲ್ಲ. ಟೈಲ್ಸ್ ಒಡೆಯಿತು!

ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದವರೂ ಬಂದು ಸೇರಿದರು. ಒಳ್ಳೆಯದೇ ಆಯಿತು ಎಂದುಕೊಂಡೆ.

“ಈಗ ಓದ್ರಿ ಮೇಡಂ. ಎಲ್ಲಾರಿಗೂ ಕೇಳ್ಸೋ ಹಂಗ ಓದ್ರಿ!”

ಮೇಡಂ ನನ್ನ ಮುಖ ನೋಡಿದರು, ಒಡೆದ ಟೈಲ್ಸ್ ನೋಡಿದರು, ಓದಿ ಅರ್ಥ ಹೇಳಿದರು.

“ಈ ವೀರ ಅಮರಾಪುರದ ಕಡೆಯವನು. ಅವರ ಊರಿನ ದನ, ಕುರಿ ಕಳ್ಳತನ ಆಗಿದ್ದವು. ಬಿಡಿಸಿಕೊಂಡು ಹೋಗೋದಕ್ಕೆ ಒಬ್ಬನೇ ಬಂದು, ಹೋರಾಡಿ ಸತ್ತ. ಸತ್ತ ಜಾಗದಲ್ಲೇ ಕಲ್ಲು ನಿಲ್ಲಿಸಿದ್ದಾರೆ.”

ಎಲ್ಲವನ್ನೂ ವಿಡಿಯೊ ಹಿಡಿಯುತ್ತಿದ್ದ ನಾಗರಾಜ ಮೊಬೈಲ್ ಕೆಳಗಿಳಿಸಿ ಬಹಳ ವಿನಯದಿಂದ ಕೇಳಿದ: “ಕದ್ದೋರು ಯಾವೂರೋರು ಮೇಡಂ?”

“ಈ ಸರ್ ಊರಿನವರು.”

“ಸುಳ್ಳು!” ಎಂದು ನಾನು ಗುಡುಗಿದೆ. ಅಮರಾಪುರ ಎಲ್ಲಿ, ನಮ್ಮೂರೆಲ್ಲಿ! ಪಕ್ಕದ ಬೀದಿಯಿಂದ ಹಾಲು ತರಲೂ ಗಾಡಿ ತೆಗೆಯುವ ವಂಶ ನಮ್ಮದು. ಅಷ್ಟು ದೂರ ನಡೆದು ಹೋಗಿ, ಕುರಿ ಹೊಡೆದುಕೊಂಡು, ಮತ್ತೆ ನಡೆದು ಬಂದರೆಂದರೆ ಯಾರು ನಂಬಬೇಕು?

ಗಂಗಮ್ಮ ನಂಬಿದಳು. “ಬೀಗರೂಟದಾಗೆ ಕುರಿ ಸಾಲ್ಲಿಲ್ಲ ಅಂತ ನಿಮ್ಮೋರು ಯಾಕೆ ಜಗ್ಳ ತೆಗುದ್ರು ಅಂತ ಈಗ ಗೊತ್ತಾತು ಬಿಡಿ!”

ಅವ್ವನಾದರೂ ನನ್ನ ಪರ ನಿಲ್ಲುತ್ತಾಳೆಂದು ತಿರುಗಿದೆ. ಅವಳು ವೀರನ ಪಾದಕ್ಕೆ ಎಣ್ಣೆ ಹಚ್ಚುತ್ತ, “ಕೊಂದ ಪಾಪ ತಟ್ಟಬಾರ್ದು ಅಂತನ ನಮ್ಮೋರು ಎಣ್ಣಿ ಹಚ್ಚಿಕೋತ ಬಂದಿರಬೇಕು. ನೀನೂ ಕಾಲಿಗೆ ಬೀಳಪ್ಪ,” ಎಂದಳು.

ನಾಗರಾಜ ಚಪ್ಪಲಿ ಬಿಟ್ಟು ಬಂದು ತನ್ನ ಮೂಲಪುರುಷನಿಗೆ ಅಡ್ಡಬಿದ್ದ. ಆ ಕಾಯಿಯನ್ನು ಹೊರಗೆ ಒಯ್ದು ಮೆಟ್ಟಿಲ ಮೇಲೆ ಒಂದೇ ಏಟಿಗೆ ಎರಡು ಹೋಳು ಮಾಡಿದ. ನೆರೆದವರು ಅವನಿಂದ ಪ್ರಸಾದ ಇಸಿದುಕೊಂಡು, ನನ್ನ ಕಡೆ ನೋಡಿ ತಮ್ಮ ತಮ್ಮ ಚೀಲ ಹತ್ತಿರಕ್ಕೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕೆಂದು ಮಾತ್ರ ತಿಳಿಯಲಿಲ್ಲ.

“ಮೇಡಂ,” ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ, “ಆ ಅರ್ಜಿ ವಾಪಸ್ ಕೊಡ್ರಿ. ಹಳೇ ಬೋರ್ಡೇ ಚಲೋ ಐತಿ.”

“ಸೀಲ್ ಬಿದ್ದಿದೆಯಲ್ಲ ಸರ್. ನೀವೇ ಹಾಕಿಸಿದ್ದು,” ಎಂದು ಅವರು ಟೈಲ್ಸಿನ ರಸೀದಿ ಬರೆದರು.

ಸರ್ಕಾರಿ ಕೆಲಸ, ವರ್ಷಗಟ್ಟಲೆ ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ನನ್ನ ಗ್ರಹಚಾರ, ಮುಂದಿನ ತಿಂಗಳೇ ಆಯಿತು! ನಾಗರಾಜ ಮತ್ತೆ ಹೋಗಿ ಹೊಸ ಫಲಕದ ಫೋಟೊ ತೆಗೆದು ಬೀಗರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದ. ವೀರನ ಊರು, ಕಳ್ಳರ ಊರು ಎರಡೂ ದೊಡ್ಡ ಅಕ್ಷರದಲ್ಲಿ. ಕೊನೆಯ ಸಾಲು: ‘ಊರಿನ ಹೆಸರು ಪ್ರಕಟಿಸಲು ಕೋರಿದವರು: ಶ್ರೀ ತಿಪ್ಪೇಸ್ವಾಮಿ, ಅದೇ ಊರು.’

ಸಿಟ್ಟು ಮಾಡಿಕೊಳ್ಳಲು ಒಂದು ತಪ್ಪಾದರೂ ಸಿಕ್ಕೀತೇ ಎಂದು ಫೋಟೊ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಒಂದೂ ಇಲ್ಲ. ಎಲ್ಲ ನಾನು ಅರ್ಜಿಯಲ್ಲಿ ಕೇಳಿದ ಹಾಗೆಯೇ ಇದೆ!